ಪುಟ್ಟ ಸೋಡಿಯಂ ಹೊರಗೆ, ದೊಡ್ಡ ಗ್ಲೂಕೋಸ್ ಒಳಗೆ: ಕೋಶಪೊರೆಯ ಲೆಕ್ಕವೇನು?

ಪ್ರಶ್ನೆ: ನಾನು ಜೀವಶಾಸ್ತ್ರದ ವಿದ್ಯಾರ್ಥಿ. ಕೋಶಪೊರೆ ಜರಡಿಯ ಹಾಗೆ, ಸಣ್ಣ ಕಣಗಳನ್ನು ಬಿಡುತ್ತದೆ, ದೊಡ್ಡವನ್ನು ತಡೆಯುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಅಷ್ಟು ಪುಟ್ಟ ಸೋಡಿಯಂ ಅಯಾನು (ವಿದ್ಯುದಾವೇಶವಿರುವ ಕಣ) ದಾಟಲಾರದೆ ಹೊರಗೆ ಉಳಿಯುವುದು, ಅದಕ್ಕಿಂತ ಎಷ್ಟೋ ದೊಡ್ಡದಾದ ಗ್ಲೂಕೋಸ್ ಒಳಗೆ ಹೋಗುವುದು ಹೇಗೆ? ಯಾವುದನ್ನು ಬಿಡಬೇಕು ಎಂದು ಪೊರೆಗೆ ಗೊತ್ತಾಗುವುದಾದರೂ ಹೇಗೆ? ಇನ್ನೊಂದು ಮಾತು. ಇನ್ಸುಲಿನ್ ಗ್ಲೂಕೋಸನ್ನು ಹೊತ್ತುಕೊಂಡು ಕೋಶದೊಳಗೆ ಹೋಗುತ್ತದೆ ಅಂತಾರೆ. ಅದು ನಿಜವಾ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಜರಡಿಯ ಮಾತು ನಂಬಿದರೆ ಸೋಡಿಯಂ ಲೆಕ್ಕವೂ ತಪ್ಪುತ್ತದೆ, ಗ್ಲೂಕೋಸ್ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಜರಡಿಯನ್ನು ಈಗಲೇ ಪಕ್ಕಕ್ಕಿಡೋಣ. ಜರಡಿಗೆ ಗಾತ್ರ ಒಂದೇ ಮುಖ್ಯ. ಕೋಶಪೊರೆಯ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಗಾತ್ರವನ್ನಲ್ಲ, ಆ ಕಣ ನೀರನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಎನ್ನುವುದನ್ನು.

ಪೊರೆಯ ಮುಖ್ಯ ಸಾಮಗ್ರಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣು. ಅದಕ್ಕೆ ಒಂದು ತಲೆ, ಎರಡು ಬಾಲ. ತಲೆಯಲ್ಲಿ ಫಾಸ್ಫೇಟ್ ಇದೆ, ವಿದ್ಯುದಾವೇಶ ಇದೆ. ಹಾಗಾಗಿ ಅದು ನೀರಿಗೆ ಹೊಂದಿಕೊಳ್ಳುತ್ತದೆ. ಬಾಲಗಳು ಕೊಬ್ಬಿನಾಮ್ಲದ ಉದ್ದನೆಯ ಸರಪಳಿಗಳು. ಅವು ನೀರಿನ ಜೊತೆ ಬೆರೆಯುವುದಿಲ್ಲ. ಇಂಥ ಅಣುಗಳನ್ನು ನೀರಿಗೆ ಹಾಕಿದರೆ ತಾವಾಗಿಯೇ ಎರಡು ಪದರಗಳಾಗಿ ಜೋಡಿಸಿಕೊಳ್ಳುತ್ತವೆ. ತಲೆಗಳು ಎರಡೂ ಬದಿಯ ನೀರಿನ ಕಡೆಗೆ, ಬಾಲಗಳು ನಡುವೆ ಒಂದಕ್ಕೊಂದು ಎದುರಾಗಿ. ಯಾರೂ ಜೋಡಿಸಬೇಕಾಗಿಲ್ಲ. ಸಣ್ಣ ತೂತು ಬಿದ್ದರೆ ಅಂಚಿನ ಬಾಲಗಳಿಗೆ ನೀರು ತಗಲುತ್ತದೆ, ಅದಕ್ಕೇ ತೂತು ಮತ್ತೆ ಕೂಡಿಕೊಳ್ಳುತ್ತದೆ. ಪ್ರೋಟೀನೂ ಸೇರಿ ಇಡೀ ಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್. ಅದರಲ್ಲಿ ಬಾಲಗಳಿರುವ ಎಣ್ಣೆಯಂಥ ನಡುಭಾಗ ಸುಮಾರು 3 ನ್ಯಾನೋಮೀಟರ್ ಮಾತ್ರ. ಕೋಶದ ಒಳಗನ್ನೂ ಹೊರಗನ್ನೂ ಬೇರೆಯಾಗಿ ಇಟ್ಟಿರುವುದು ಇಷ್ಟು ತೆಳುವಾದ ಎಣ್ಣೆ.

ಪೊರೆಯನ್ನು ಯಾರೂ ಕಣ್ಣಾರೆ ಕಾಣುವ ಮೊದಲೇ ಈ ವಿಷಯ ಅಂದಾಜಾಗಿತ್ತು. 1890ರ ದಶಕದಲ್ಲಿ ಅರ್ನೆಸ್ಟ್ ಓವರ್ಟನ್ ಎಂಬ ವಿಜ್ಞಾನಿ ನೂರಾರು ರಾಸಾಯನಿಕಗಳನ್ನು ಜೀವಂತ ಕೋಶಗಳ ಮೇಲೆ ಪ್ರಯೋಗಿಸಿದರು. ಎಣ್ಣೆಯಲ್ಲಿ ಚೆನ್ನಾಗಿ ಕರಗುವ ವಸ್ತು ಕೋಶದೊಳಗೆ ಬೇಗ ಹೋಗುತ್ತದೆ ಎಂಬುದು ಅವರಿಗೆ ಕಂಡಿತು. ಹಾಗಾದರೆ ಕೋಶದ ಹೊರ ಎಲ್ಲೆ ಕೊಬ್ಬಿನಂಥದ್ದೇ ಇರಬೇಕು ಎಂದರು. 1925ರಲ್ಲಿ ನೆದರ್ಲೆಂಡ್ಸಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ಬೇರ್ಪಡಿಸಿ, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆದರು. ರಕ್ತಕಣಗಳ ಮೇಲ್ಮೈಯ ಸುಮಾರು ಎರಡರಷ್ಟು ಜಾಗವನ್ನು ಅದು ತುಂಬಿತು. ಅಂದರೆ ಪೊರೆ ಎರಡು ಪದರ. ಅವರ ಪ್ರಯೋಗದಲ್ಲಿ ಎರಡು ತಪ್ಪುಗಳಿದ್ದವು. ಅಸಿಟೋನ್ ಬಳಸಿದ್ದರಿಂದ ಕೊಬ್ಬು ಪೂರ್ತಿ ಬಂದಿರಲಿಲ್ಲ. ರಕ್ತಕಣದ ಮೇಲ್ಮೈಯನ್ನೂ ಕಡಿಮೆ ಅಂದಾಜು ಮಾಡಿದ್ದರು. ಎರಡು ತಪ್ಪುಗಳೂ ಒಂದನ್ನೊಂದು ಸರಿದೂಗಿಸಿ ಉತ್ತರ ಸರಿಯಾಗಿ ಬಂತು! ಇದು ವಿಜ್ಞಾನದ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಘಟನೆ.

ಪ್ರೋಟೀನ್ ಎಲ್ಲಿದೆ ಎನ್ನುವುದು ತಿಳಿಯಲು ಇನ್ನೂ ಹೊತ್ತು ಹಿಡಿಯಿತು. 1935ರಲ್ಲಿ ಡೇವ್ಸನ್ ಮತ್ತು ಡೇನಿಯೆಲ್ಲಿ ಅವರು ಕೊಬ್ಬಿನ ಎರಡೂ ಮುಖಕ್ಕೆ ಪ್ರೋಟೀನ್ ಹೊದಿಕೆಯಂತೆ ಅಂಟಿದೆ ಎಂದರು. ಈಗ ನಾವೆಲ್ಲ ಒಪ್ಪುವ ಚಿತ್ರ ಬಂದದ್ದು 1972ರಲ್ಲಿ, ಸಿಂಗರ್ ಮತ್ತು ನಿಕೋಲ್ಸನ್ ಅವರಿಂದ. ಪ್ರೋಟೀನ್‌ಗಳು ಪೊರೆಯ ಮೇಲೆ ಮಾತ್ರ ಕೂತಿಲ್ಲ, ಹಲವು ಅದನ್ನು ಈ ಕಡೆಯಿಂದ ಆ ಕಡೆಗೆ ಹಾದು ನಿಂತಿವೆ. ಜೊತೆಗೆ ಪೊರೆ ಗಟ್ಟಿ ಗೋಡೆಯಲ್ಲ, ಹರಿದಾಡುವ ದ್ರವ. ಇದಕ್ಕೆ ಎರಡು ವರ್ಷ ಮೊದಲೇ ಫ್ರೈ ಮತ್ತು ಎಡಿಡಿನ್ ಒಳ್ಳೆಯ ಪುರಾವೆ ಕೊಟ್ಟಿದ್ದರು. ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು ಒಂದು ಮಾಡಿ, ಎರಡರ ಪ್ರೋಟೀನ್‌ಗಳಿಗೂ ಬೇರೆ ಬೇರೆ ಹೊಳೆಯುವ ಬಣ್ಣ ಕಟ್ಟಿದರು. ಮೊದಲು ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು. ಸುಮಾರು 40 ನಿಮಿಷದಲ್ಲಿ ಎರಡೂ ಪೂರ್ತಿ ಬೆರೆತುಹೋದವು. ತಣ್ಣಗೆ ಇಟ್ಟಾಗ ಬೆರೆಯಲಿಲ್ಲ. ಪ್ರಾಣಿಕೋಶಗಳ ಪೊರೆಯಲ್ಲಿ ಕೊಲೆಸ್ಟರಾಲ್ ಇರುವುದು ಈ ಹರಿದಾಟವನ್ನು ಹದದಲ್ಲಿಡಲು. ಬಿಸಿ ಜಾಸ್ತಿಯಾದರೆ ಪೊರೆ ತೀರಾ ಸಡಿಲವಾಗದಂತೆ ಅದು ತಡೆಯುತ್ತದೆ. ಚಳಿಯಲ್ಲಿ ಬಾಲಗಳು ಒತ್ತೊತ್ತಾಗಿ ಕೂತು ಗಟ್ಟಿಯಾಗದಂತೆಯೂ ನೋಡಿಕೊಳ್ಳುತ್ತದೆ.

ಈಗ ಸೋಡಿಯಂಗೆ ಬರೋಣ. ಚಿತ್ರದಲ್ಲಿ ಸೋಡಿಯಂ ಒಂದು ಪುಟ್ಟ ಚುಕ್ಕೆ. ನೀರಿನಲ್ಲಿ ಅದು ಎಂದೂ ಹಾಗೆ ಒಂಟಿಯಾಗಿ ಇರುವುದಿಲ್ಲ. ಅದರ ಧನಾವೇಶ ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಎಳೆದುಕೊಂಡಿರುತ್ತದೆ. ನೀರಿನ ಅಣುವಿನ ಆಕ್ಸಿಜನ್ ಬದಿಗೆ ಸ್ವಲ್ಪ ಋಣಾವೇಶ ಇದೆ, ಅಲ್ವಾ? ಆ ಬದಿ ಸೋಡಿಯಂ ಕಡೆಗೆ ತಿರುಗಿ ನಿಂತಿರುತ್ತದೆ. ಎಣ್ಣೆಯ ನಡುಭಾಗಕ್ಕೆ ಹೋಗಬೇಕಾದರೆ ಸೋಡಿಯಂ ಈ ನೀರನ್ನೆಲ್ಲ ಕಳಚಿಡಬೇಕು. ಒಳಗಿನ ಬಾಲಗಳಲ್ಲಿ ಅದಕ್ಕೆ ಬದಲಿಯಾಗಿ ಹಿಡಿದುಕೊಳ್ಳಲು ಏನೂ ಇಲ್ಲ. ನೀರನ್ನು ಬಿಡಲು ಬೇಕಾದ ಶಕ್ತಿ ಬಹಳ ದೊಡ್ಡದು, ಅಯಾನುವಿನ ಸಾಮಾನ್ಯ ಓಡಾಟದಲ್ಲಿ ಅದು ಸಿಗುವುದಿಲ್ಲ. ಬರೀ ಕೊಬ್ಬಿನ ಎರಡು ಪದರವನ್ನು ತೆಗೆದುಕೊಂಡು ಅಳೆದರೆ, ನೀರು ದಾಟುವುದಕ್ಕಿಂತ ಸೋಡಿಯಂ ದಾಟುವುದು ಸುಮಾರು ನೂರು ಕೋಟಿ ಪಟ್ಟು ನಿಧಾನ. ಗಾತ್ರದಲ್ಲಿ ಅಂಥ ವ್ಯತ್ಯಾಸ ಎಲ್ಲಿದೆ?

ಇದೇ ಕಾರಣಕ್ಕೆ ಪೊರೆಯ ಸ್ವಂತ ಅಣುಗಳೂ ಕಟ್ಟುಬಿದ್ದಿವೆ. ಫಾಸ್ಫೋಲಿಪಿಡ್ ತನ್ನ ಪದರದಲ್ಲಿ ಅಕ್ಕಪಕ್ಕಕ್ಕೆ ಸರಸರನೆ ಓಡಾಡುತ್ತದೆ. ಒಂದು ಪದರದಿಂದ ಇನ್ನೊಂದಕ್ಕೆ ಮಗುಚಿಕೊಳ್ಳಬೇಕಾದರೆ ಮಾತ್ರ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಆಗುತ್ತದೆ. ಆವೇಶವಿರುವ ತಲೆ ಎಣ್ಣೆಯ ನಡುವೆ ಹಾದುಹೋಗಬೇಕಲ್ಲ, ಅದಕ್ಕೆ. ಕೆಲಸ ಬೇಗ ಆಗಬೇಕಾದ ಕಡೆ ಅಣುವನ್ನು ಮಗುಚಿಕೊಡಲೆಂದೇ ಪ್ರೋಟೀನ್‌ಗಳಿವೆ.

ಆಕ್ಸಿಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ನೀರನ್ನು ಬಿಗಿಯಾಗಿ ಹಿಡಿದಿಲ್ಲ, ಸಲೀಸಾಗಿ ದಾಟುತ್ತವೆ. ಆಲ್ಕೋಹಾಲ್ ಕೂಡ. ಸ್ಟೀರಾಯ್ಡ್ ಹಾರ್ಮೋನ್‌ಗಳು ಗ್ಲೂಕೋಸಿಗಿಂತ ದೊಡ್ಡವು, ಆದರೂ ಕೊಬ್ಬಿನ ಸ್ವಭಾವದವು, ಆದ್ದರಿಂದ ಕೊಬ್ಬಿನ ಮೂಲಕವೇ ಒಳಗೆ ಬರಬಲ್ಲವು. ಗಾತ್ರಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಸ್ವಭಾವ ಒಂದೇ ಇದ್ದಾಗ ಸಣ್ಣದು ಬೇಗ ಹೋಗುತ್ತದೆ. ಗ್ಲೂಕೋಸಿಗೆ ಆವೇಶವಿಲ್ಲ. ಆದರೆ ಅದರ ಮೈಮೇಲೆ ಐದು ಹೈಡ್ರಾಕ್ಸಿಲ್ ಗುಂಪುಗಳಿವೆ, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿಗಳು. ಪ್ರತಿಯೊಂದೂ ನೀರನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಬರೀ ಕೊಬ್ಬಿನ ಪದರದಲ್ಲಿ ಗ್ಲೂಕೋಸೂ ದಾಟುವುದಿಲ್ಲ ಎಂದೇ ಹೇಳಬಹುದು. ನಿಮ್ಮ ಪ್ರಶ್ನೆಯ ಗಂಟು ಇಲ್ಲಿದೆ. ಕೊಬ್ಬು ಸೋಡಿಯಮ್ಮನ್ನೂ ಬಿಡುವುದಿಲ್ಲ, ಗ್ಲೂಕೋಸನ್ನೂ ಬಿಡುವುದಿಲ್ಲ. ಗ್ಲೂಕೋಸಿಗೆ ಪ್ರೋಟೀನಿನ ದಾರಿ ಇದೆ. ಸೋಡಿಯಮ್ಮಿಗೂ ದಾರಿಗಳಿವೆ, ಆದರೆ ಹೆಚ್ಚಿನವು ಸದಾ ತೆರೆದಿರುವುದಿಲ್ಲ. ಒಳಗೆ ಬಂದದ್ದನ್ನು ಕೋಶ ಬಿಡದೆ ಹೊರಗೆ ಹಾಕುತ್ತಲೂ ಇರುತ್ತದೆ.

ಪೊರೆಗೆ ಗೊತ್ತಾಗುವುದು ಹೇಗೆ ಎಂದು ಕೇಳಿದ್ದೀರಿ. ಪೊರೆಗೆ ಏನೂ ಗೊತ್ತಾಗಬೇಕಾಗಿಲ್ಲ, ಆ ಪ್ರೋಟೀನಿನ ಆಕಾರದಲ್ಲೇ ಆಯ್ಕೆ ಇದೆ. ಪೊಟ್ಯಾಸಿಯಂ ಚಾನೆಲ್, ಅಂದರೆ ಪೊಟ್ಯಾಸಿಯಂ ಹಾದುಹೋಗುವ ಕೊಳವೆಯಂಥ ಪ್ರೋಟೀನ್, ಇದಕ್ಕೆ ಒಳ್ಳೆಯ ಉದಾಹರಣೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೊಟ್ಯಾಸಿಯಂ ಅಯಾನು ಸೋಡಿಯಮ್ಮಿಗಿಂತ ದೊಡ್ಡದು. ಆದರೂ ಈ ಚಾನೆಲ್ ಪೊಟ್ಯಾಸಿಯಮ್ಮನ್ನು ಬಿಟ್ಟು ಸೋಡಿಯಮ್ಮನ್ನು ತಡೆಯುತ್ತದೆ. ಜರಡಿಯಿಂದ ಇದು ಸಾಧ್ಯವೇ ಇಲ್ಲ. ರೋಡ್ರಿಕ್ ಮ್ಯಾಕಿನನ್ 1998ರಲ್ಲಿ ಅಂಥ ಒಂದು ಚಾನೆಲ್‌ನ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ತೋರಿಸಿದಾಗ ಗುಟ್ಟು ಬಯಲಾಯಿತು. ಚಾನೆಲ್‌ನ ಕಿರಿದಾದ ಭಾಗದಲ್ಲಿ ಒಳಮುಖವಾಗಿ ಆಕ್ಸಿಜನ್ ಪರಮಾಣುಗಳು ಸಾಲಾಗಿ ನಿಂತಿವೆ. ನೀರಿನಲ್ಲಿ ಪೊಟ್ಯಾಸಿಯಂ ಸುತ್ತ ಆಕ್ಸಿಜನ್‌ಗಳು ಎಷ್ಟು ದೂರದಲ್ಲಿ ಇರುತ್ತವೆಯೋ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಹಾಗಾಗಿ ಪೊಟ್ಯಾಸಿಯಂ ತನ್ನ ನೀರನ್ನು ಬಿಟ್ಟರೂ ನಷ್ಟವಿಲ್ಲ, ಅದೇ ಹಿಡಿತ ಒಳಗೂ ಸಿಗುತ್ತದೆ. ಸೋಡಿಯಂ ಸಣ್ಣದು. ಆ ಆಕ್ಸಿಜನ್‌ಗಳು ಅದಕ್ಕೆ ಸರಿಯಾಗಿ ಎಟುಕುವುದಿಲ್ಲ. ನೀರನ್ನು ಬಿಟ್ಟರೆ ಅದಕ್ಕೆ ನಷ್ಟವೇ, ಅದಕ್ಕೆ ಅದು ಹೊರಗೇ ಉಳಿಯುತ್ತದೆ. ಇಷ್ಟು ನಾಜೂಕಾದ ಆಯ್ಕೆ ಇದ್ದರೂ ವೇಗಕ್ಕೆ ಕೊರತೆಯಿಲ್ಲ. ಒಂದೇ ಚಾನೆಲ್‌ನಲ್ಲಿ ಸೆಕೆಂಡಿಗೆ ಸುಮಾರು ಹತ್ತು ಕೋಟಿ ಅಯಾನುಗಳು ಹಾದುಹೋಗಬಲ್ಲವು.

ಮ್ಯಾಕಿನನ್ ಅವರ ಜೊತೆ 2003ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರು ಪೀಟರ್ ಆಗ್ರೆ. ನೀರಿಗೂ ತನ್ನದೇ ಚಾನೆಲ್ ಇದೆ ಎಂದು ಅವರ ತಂಡ 1992ರಲ್ಲಿ ತೋರಿಸಿತು. ಅದಕ್ಕೆ ಅಕ್ವಾಪೊರಿನ್ ಎಂದು ಹೆಸರು. ನೀರು ಕೊಬ್ಬಿನ ಮೂಲಕವೂ ಸ್ವಲ್ಪ ದಾಟುತ್ತದೆ, ನಿಜ. ಮೂತ್ರಪಿಂಡ, ಕೆಂಪು ರಕ್ತಕಣ ಇಂಥ ಕಡೆ ಅದು ಸಾಲದು. ಒಂದು ಅಕ್ವಾಪೊರಿನ್‌ನಲ್ಲಿ ಸೆಕೆಂಡಿಗೆ ಸುಮಾರು ಮುನ್ನೂರು ಕೋಟಿ ನೀರಿನ ಅಣುಗಳು ದಾಟುತ್ತವೆ. ಪ್ರೋಟಾನ್ (ಹೈಡ್ರೋಜನ್ ಅಯಾನು) ಮಾತ್ರ ದಾಟುವುದಿಲ್ಲ. ಅದು ಇರಬೇಕಾದದ್ದೇ ಹಾಗೆ, ಏಕೆಂದರೆ ಪ್ರೋಟಾನ್ ಸೋರಿದರೆ ಕೋಶದ ಆಮ್ಲೀಯತೆಯ ಹದವೇ ಕೆಡುತ್ತದೆ.

ಗ್ಲೂಕೋಸಿನ ದಾರಿ ಚಾನೆಲ್ ಅಲ್ಲ, ವಾಹಕ ಪ್ರೋಟೀನ್. ಕೆಂಪು ರಕ್ತಕಣದಲ್ಲಿರುವುದರ ಹೆಸರು ಗ್ಲುಟ್-1. ಅದು ಎರಡೂ ಕಡೆಗೆ ಒಟ್ಟಿಗೆ ತೆರೆದುಕೊಳ್ಳುವುದಿಲ್ಲ. ಹೊರಗಡೆ ತೆರೆದಿದ್ದಾಗ ಗ್ಲೂಕೋಸ್ ಬಂದು ಕೂರುತ್ತದೆ. ಪ್ರೋಟೀನ್ ಆಕಾರ ಬದಲಿಸುತ್ತದೆ, ಹೊರಬದಿ ಮುಚ್ಚಿ ಒಳಬದಿ ತೆರೆಯುತ್ತದೆ. ಪ್ರತಿ ಅಣುವಿಗೂ ಹೀಗೆ ಆಕಾರ ಬದಲಾಗಬೇಕಾದ್ದರಿಂದ ಚಾನೆಲ್‌ಗಿಂತ ಇದು ತುಂಬಾ ನಿಧಾನ. ಒಂದು ಮಿತಿಯೂ ಇದೆ. ಎಲ್ಲ ವಾಹಕಗಳೂ ಕೆಲಸದಲ್ಲಿ ತೊಡಗಿದ ಮೇಲೆ ಹೊರಗೆ ಗ್ಲೂಕೋಸ್ ಎಷ್ಟೇ ಹೆಚ್ಚಿಸಿದರೂ ವೇಗ ಏರುವುದಿಲ್ಲ. ಗ್ಲುಟ್-1 ಒಳಗಿನಿಂದ ಹೊರಕ್ಕೂ ಸಾಗಿಸಬಲ್ಲದು. ಹಾಗಿದ್ದೂ ಗ್ಲೂಕೋಸ್ ವಾಪಸ್ ಸೋರದಿರಲು ಕಾರಣ, ಒಳಗೆ ಬಂದ ತಕ್ಷಣ ಕೋಶ ಅದಕ್ಕೊಂದು ಫಾಸ್ಫೇಟ್ ಕಟ್ಟಿಬಿಡುತ್ತದೆ. ಆ ರೂಪವನ್ನು ವಾಹಕ ಹಿಡಿಯುವುದಿಲ್ಲ.

ಇಷ್ಟು ಹೊತ್ತು ದಾರಿಯ ಮಾತಾಯಿತು. ದಾರಿ ಇದ್ದರೆ ಸಾಲದು, ಯಾವ ಕಡೆಗೆ ಹೋಗುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ. ವಿದ್ಯಾರ್ಥಿಗಳು ಇವೆರಡನ್ನೂ ಬೆರೆಸಿಬಿಡುತ್ತಾರೆ, ಅದಕ್ಕೇ ಈ ಪಾಠ ಕಷ್ಟ ಅನ್ನಿಸುವುದು. ಚಾನೆಲ್ ಆಗಲಿ ಗ್ಲುಟ್ ಆಗಲಿ ಯಾವುದನ್ನೂ ತಳ್ಳುವುದಿಲ್ಲ. ಕಣಗಳು ದಿಕ್ಕುದೆಸೆಯಿಲ್ಲದೆ ಓಡಾಡುತ್ತವೆ. ಜಾಸ್ತಿ ಇರುವ ಕಡೆಯಿಂದ ಜಾಸ್ತಿ ಕಣಗಳು ದಾಟುತ್ತವೆ, ಕಡಿಮೆ ಇರುವ ಕಡೆಯಿಂದ ಕಡಿಮೆ. ಲೆಕ್ಕ ಕೂಡಿಸಿ ಕಳೆದರೆ ಕಡಿಮೆ ಇರುವ ಕಡೆಗೆ ಹರಿವು ಕಾಣುತ್ತದೆ. ಇದೇ ವಿಸರಣೆ. ಅಯಾನುಗಳಿಗೆ ಇದರ ಜೊತೆ ವಿದ್ಯುತ್ತಿನ ಸೆಳೆತವೂ ಸೇರುತ್ತದೆ. ನರಕೋಶದ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಇದು ಸಣ್ಣದು ಅನ್ನಿಸಬಹುದು. ಆದರೆ ಅಷ್ಟೂ ಇರುವುದು 7 ನ್ಯಾನೋಮೀಟರ್ ಅಂತರದಲ್ಲಿ. ಸೆಂಟಿಮೀಟರ್ ಲೆಕ್ಕಕ್ಕೆ ತಂದರೆ ಸುಮಾರು ಒಂದು ಲಕ್ಷ ವೋಲ್ಟ್ ಆಗುತ್ತದೆ.

ಅಭಿಸರಣೆಯೂ ಇಂಥದ್ದೇ, ಹರಿಯುವುದು ನೀರು ಅಷ್ಟೇ. ಕರಗಿದ ವಸ್ತು ಜಾಸ್ತಿ ಇರುವ ಕಡೆಗೆ ನೀರು ಹೋಗುತ್ತದೆ. ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತದೆ. 0.9 ಶೇಕಡಾ ಉಪ್ಪಿನ ದ್ರಾವಣದಲ್ಲಿ ಹಾಗೇ ಉಳಿಯುತ್ತದೆ. ಸಸ್ಯಕೋಶ ನೀರಿನಲ್ಲೂ ಒಡೆಯುವುದಿಲ್ಲ, ಪೊರೆಯ ಹೊರಗೆ ಗಟ್ಟಿಯಾದ ಕೋಶಭಿತ್ತಿ ಇದೆ.

ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಸಾಗಿಸಬೇಕಾದರೆ ಶಕ್ತಿ ಬೇಕು. ಅಲ್ಲಿ ಬರುವುದು ಸೋಡಿಯಂ-ಪೊಟ್ಯಾಸಿಯಂ ಪಂಪ್. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದರ ಸುಳಿವನ್ನು ಏಡಿಯ ಕಾಲಿನ ನರದಲ್ಲಿ ಕಂಡು 1957ರಲ್ಲಿ ಪ್ರಕಟಿಸಿದರು. ನಲವತ್ತು ವರ್ಷಗಳ ನಂತರ, 1997ರಲ್ಲಿ, ಅವರಿಗೆ ನೊಬೆಲ್ ಬಂತು. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಒಂದು ಖರ್ಚಾದರೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಇದರ ಫಲವಾಗಿ ಹೊರಗೆ ಲೀಟರಿಗೆ ಸುಮಾರು 145 ಮಿಲಿಮೋಲ್ ಸೋಡಿಯಂ ಇದ್ದರೆ ಒಳಗೆ ಇರುವುದು 10-15 ಅಷ್ಟೇ. ಪೊಟ್ಯಾಸಿಯಂ ಇದಕ್ಕೆ ಉಲ್ಟಾ: ಒಳಗೆ ಸುಮಾರು 140, ಹೊರಗೆ 4-5. ನಾವು ಸುಮ್ನೆ ಮಲಗಿದ್ದಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಈ ಪಂಪಿಗೇ ಹೋಗುತ್ತದೆ.

ಇಷ್ಟು ಖರ್ಚು ಯಾಕೆ? ಹೊರಗೆ ಕೂಡಿಟ್ಟ ಸೋಡಿಯಂ ಸದಾ ಒಳಗೆ ಬರಲು ಹವಣಿಸುತ್ತದೆ, ಆ ಸೆಳೆತದಿಂದ ಕೋಶ ಬೇರೆ ಕೆಲಸ ಮಾಡಿಸಿಕೊಳ್ಳುತ್ತದೆ. ನರದ ಸಂದೇಶ ಓಡುವುದು ಇದರಿಂದಲೇ. ಕರುಳಿನಲ್ಲಿ ಗ್ಲೂಕೋಸ್ ಹೀರಿಕೆಯೂ ಇದರಿಂದಲೇ. ಕರುಳಿನ ಕೋಶಗಳಲ್ಲಿ, ಆಹಾರ ಹಾದುಹೋಗುವ ಕಡೆಯ ಪೊರೆಯಲ್ಲಿ, ಎಸ್‌ಜಿಎಲ್‌ಟಿ-1 ಎಂಬ ವಾಹಕ ಇದೆ. ಎರಡು ಸೋಡಿಯಂ ಮತ್ತು ಒಂದು ಗ್ಲೂಕೋಸ್ ಒಟ್ಟಿಗೆ ಕೂತರೆ ಮಾತ್ರ ಅದು ಅವನ್ನು ಒಳಗೆ ಸಾಗಿಸುತ್ತದೆ. ಸೋಡಿಯಂ ಇಳಿಜಾರಿನಲ್ಲಿ ಬರುತ್ತಾ ಗ್ಲೂಕೋಸನ್ನು ಏರಿಗೆ ಎಳೆದು ತರುತ್ತದೆ. ರಾಬರ್ಟ್ ಕ್ರೇನ್ 1960ರಲ್ಲಿ ಈ ವಿಚಾರ ಮುಂದಿಟ್ಟರು.

ಓಆರ್‌ಎಸ್ ದ್ರಾವಣ ನಿಂತಿರುವುದು ಈ ಒಂದು ಪ್ರೋಟೀನಿನ ಮೇಲೆ. ಕಾಲರಾದಲ್ಲಿ ರೋಗಾಣುವಿನ ವಿಷ ಕರುಳಿನ ಕೋಶಗಳ ಕ್ಲೋರೈಡ್ ಚಾನೆಲ್‌ಗಳನ್ನು ತೆರೆದಿಟ್ಟುಬಿಡುತ್ತದೆ. ಕ್ಲೋರೈಡ್ ಹೊರಗೆ ಹರಿಯುತ್ತದೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಆಗ ಬರೀ ನೀರು ಕುಡಿಸಿದರೆ ಅದು ನಿಲ್ಲುವುದಿಲ್ಲ, ಬರೀ ಉಪ್ಪುನೀರೂ ಅಷ್ಟೇ. ಆದರೆ ಆ ವಿಷ ಎಸ್‌ಜಿಎಲ್‌ಟಿ-1ರ ಕೆಲಸವನ್ನು ಕೆಡಿಸುವುದಿಲ್ಲ. ಉಪ್ಪಿನ ಜೊತೆ ಗ್ಲೂಕೋಸ್ ಕೊಟ್ಟರೆ ಎರಡೂ ಒಳಗೆ ಬರುತ್ತವೆ, ನೀರು ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಸಾವಿರಾರು ಜನರನ್ನು ಉಳಿಸಿದರು. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದ್ರಾವಣದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್ ಇರುತ್ತದೆ. ಸಕ್ಕರೆ ಇರುವುದು ಶಕ್ತಿ ಬರಲಿ ಎಂದು ಅಂತ ಬಹಳ ಜನ ತಿಳಿದಿದ್ದಾರೆ. ಮುಖ್ಯ ಕಾರಣ ಅದಲ್ಲ, ಸೋಡಿಯಂ ಒಳಗೆ ಬರಬೇಕಾದರೆ ಗ್ಲೂಕೋಸ್ ಬೇಕು. ರುಚಿಗೆಂದು ಸಕ್ಕರೆ ಜಾಸ್ತಿ ಹಾಕಬಾರದು. ಹೀರಿಕೆಯಾಗದೆ ಉಳಿದ ಸಕ್ಕರೆ ಅಭಿಸರಣೆಯಿಂದ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ದಯವಿಟ್ಟು ಇದನ್ನು ಮನೆಯವರಿಗೂ ಹೇಳಿ.

ಕೊನೆಗೆ ಇನ್ಸುಲಿನ್. ಅದು ಗ್ಲೂಕೋಸನ್ನು ಹೊರುವುದಿಲ್ಲ. ಗ್ಲೂಕೋಸ್ ಸಾಗಿಸಲು ಅದು ಪೊರೆಯನ್ನು ದಾಟಬೇಕಾಗಿಯೂ ಇಲ್ಲ. ಅದು 51 ಅಮೈನೋ ಆಮ್ಲಗಳ ಪ್ರೋಟೀನ್, ಕೊಬ್ಬಿನ ಮೂಲಕ ಬರಲಾರದು. ಪೊರೆಯ ಹೊರಮುಖದಲ್ಲಿರುವ ತನ್ನ ಗ್ರಾಹಕಕ್ಕೆ (ಸುದ್ದಿ ಹಿಡಿಯುವ ಪ್ರೋಟೀನಿಗೆ) ಅಂಟಿಕೊಳ್ಳುತ್ತದೆ, ಸುದ್ದಿ ಒಳಗೆ ಹೋಗುತ್ತದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗೆ ಪೊರೆಯಿಂದಲೇ ಆದ ಪುಟ್ಟ ಚೀಲಗಳಿವೆ, ಅವಕ್ಕೆ ಕೋಶಕಗಳು ಎಂದು ಹೆಸರು. ಅವುಗಳ ಮೈಯಲ್ಲಿ ಗ್ಲುಟ್-4 ಎಂಬ ವಾಹಕ ತಯಾರಾಗಿ ಕೂತಿರುತ್ತದೆ. ಇನ್ಸುಲಿನ್ ಸುದ್ದಿ ಬಂದಾಗ ಈ ಕೋಶಕಗಳು ಹೊರಪೊರೆಯ ಹತ್ತಿರ ಬಂದು ಅದರ ಜೊತೆ ಬೆಸೆದುಕೊಳ್ಳುತ್ತವೆ. ಪೊರೆ ದ್ರವದಂತಿರುವುದರಿಂದಲೇ ಈ ಬೆಸುಗೆ ಸಾಧ್ಯ. ಮೇಲ್ಮೈಯಲ್ಲಿ ಗ್ಲುಟ್-4 ಹೆಚ್ಚುತ್ತದೆ, ಗ್ಲೂಕೋಸ್ ಹರಿದು ಬರುತ್ತದೆ. ಹರಿಯುವುದು ಆಗಲೂ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೇ. ಇನ್ಸುಲಿನ್ ಇಳಿದಾಗ ಪೊರೆ ಒಳಕ್ಕೆ ಮಡಚಿಕೊಂಡು ಗ್ಲುಟ್-4 ಮತ್ತೆ ಕೋಶಕಗಳಿಗೆ ಮರಳುತ್ತದೆ.

ಎಲ್ಲ ಕೋಶಗಳೂ ಇನ್ಸುಲಿನ್‌ಗಾಗಿ ಕಾಯುವುದಿಲ್ಲ. ಕೆಂಪು ರಕ್ತಕಣದ ಗ್ಲುಟ್-1, ನರಕೋಶದ ಗ್ಲುಟ್-3 ಸದಾ ಪೊರೆಯಲ್ಲೇ ಇರುತ್ತವೆ. ಯಕೃತ್ತಿನ ಗ್ಲುಟ್-2 ಕೂಡ ಹಾಗೇ. ಅಲ್ಲಿ ಇನ್ಸುಲಿನ್ ಮಾಡುವುದು ಬೇರೆ ಕೆಲಸ: ಒಳಗೆ ಬಂದ ಗ್ಲೂಕೋಸಿಗೆ ಫಾಸ್ಫೇಟ್ ಕಟ್ಟುವುದನ್ನು ಚುರುಕು ಮಾಡುತ್ತದೆ. ಆಗ ಒಳಗೆ ಗ್ಲೂಕೋಸ್ ಕಡಿಮೆಯಾಗಿ ಹೊರಗಿನದು ಇನ್ನಷ್ಟು ಬರುತ್ತದೆ. ಸ್ನಾಯುವಿನಲ್ಲೂ ಇನ್ಸುಲಿನ್ ಒಂದೇ ದಾರಿಯಲ್ಲ. ಸ್ನಾಯು ದುಡಿಯುವಾಗ ಅದರ ಸಂಕೋಚನವೇ ಗ್ಲುಟ್-4ನ್ನು ಮೇಲ್ಮೈಗೆ ತರುತ್ತದೆ, ಇನ್ಸುಲಿನ್ ಸಂಕೇತ ಸರಿಯಾಗಿ ಕೆಲಸ ಮಾಡದ ಮಧುಮೇಹಿಗಳಲ್ಲೂ ಈ ದಾರಿ ಉಳಿದಿರುತ್ತದೆ. ಅವರಿಗೆ ವೈದ್ಯರು ನಡೆಯಲು, ವ್ಯಾಯಾಮ ಮಾಡಲು ಹೇಳುವುದಕ್ಕೆ ಇದೂ ಒಂದು ಕಾರಣ.